ಶಿಲುಬೆಗೆ ಗೆದ್ದಲು ಹಿಡಿದ ಪ್ರಕರಣ

ಶಿರಾಳಕೊಪ್ಪದ ಇಪ್ಪತ್ತೆಂಟು ಕ್ರೈಸ್ತ ಕುಟುಂಬಗಳ ಇತಿಹಾಸದಲ್ಲಿ ಅತ್ಯಂತ ಗಂಭೀರವೆನ್ನಬಹುದಾದ ಘಟನೆಯೊಂದು ಈ ವರ್ಷ ಶುಭ ಶುಕ್ರವಾರಕ್ಕೆ ಒಂಬತ್ತು ದಿನ ಮುಂಚೆ ಬೆಳಕಿಗೆ ಬಂತು: ಚರ್ಚಿನ ಶಿಲುಬೆಗೆ ಗೆದ್ದಲು ಹಿಡಿದಿತ್ತು.

ಎಂಟಡಿ ಎತ್ತರದ, ಹಲಸಿನ ಮರದ ಶಿಲುಬೆ. ಪ್ರತಿ ಶುಭ ಶುಕ್ರವಾರ ಅದನ್ನು ಸರದಿಯ ಮೇಲೆ ಹೊತ್ತು ಊರಾಚೆಯ ಗುಡ್ಡ ಹತ್ತಿ ಇಳಿದು, ಕೊನೆಗೆ ಅಂಗಳದಲ್ಲಿ ಎಲ್ಲರೂ ಕೂತು ಗಂಜಿ ಕುಡಿಯುವುದು ಪದ್ಧತಿ. ಹೋದ ವರ್ಷ ಗಂಜಿಯ ವಾಸನೆ ಗುಡ್ಡದ ಬುಡಕ್ಕೇ ಬಂದಿತ್ತು. ಹೊತ್ತು ತಂದವರು ಶಿಲುಬೆಯನ್ನು ಹಿಂಗೋಡೆಗೆ ಒರಗಿಸಿ ಪಂಕ್ತಿಗೆ ಓಡಿದರು. ಉಗ್ರಾಣದೊಳಗೆ ಇಡುವವನು ಇನ್ನೊಬ್ಬ ಎಂದು ಪ್ರತಿಯೊಬ್ಬನೂ ನಂಬಿದ್ದ. ಹೀಗೆ ನಂಬಿಕೆಯ ಬಲದಿಂದ ಶಿಲುಬೆ ಒಂದಿಡೀ ಮಳೆಗಾಲವನ್ನು ಬಯಲಲ್ಲಿ ಕಳೆಯಿತು.

ಉಗ್ರಾಣದ ಕೀಲಿ ಇದ್ದದ್ದು ಚರ್ಚು ಸಮಿತಿಯ ಕಾರ್ಯದರ್ಶಿ ನಿರಂಜನ್ ಅವರ ಮನೆಯಲ್ಲಿ. ಸೊರಬದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತೊಂದು ವರ್ಷ ಸೇವೆಯಲ್ಲಿ ಒಂದು ನೋಟಿಸೂ ಪಡೆಯದವರು. ಇದರ ಗುಟ್ಟು ಸರಳವಾಗಿತ್ತು. ಬೇರೆಯವರು ಸಹಿ ಹಾಕಿದ ಮೇಲೆ ಮಾತ್ರ ಅವರು ಸಹಿ ಹಾಕುತ್ತಿದ್ದರು.

ಚರ್ಚು ಕಾಯುವವನು ಚೌಡೇಶ್. ಸೊರಬ ತಾಲ್ಲೂಕಿನ ಉಳವಿ ಕಡೆಯವನು, ಕ್ರೈಸ್ತನಲ್ಲ. ಹೆಂಡತಿ, ಮಗಳೊಂದಿಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ವಾಸ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಮಗಳು ಅರ್ಚಿತಾಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು, ಇನ್ನೂ ನಾಲ್ಕು ವಿಷಯ ಬಾಕಿ.

ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ, ತೆಂಗಿನ ಗರಿ ಹಿಡಿದ ಮೆರವಣಿಗೆಯೂ ಪೂಜೆಯೂ ಮುಗಿದ ಮೇಲೆ ಸಮಿತಿ ಸೇರಿತು. ಕಾರ್ಯಸೂಚಿಯಲ್ಲಿ ಎರಡು ವಿಷಯ. ಮೊದಲನೆಯದು, ಶಿಕಾರಿಪುರದಿಂದ ಬರುವ ಫಾದರ್ ತಪಸ್ಸು ಕಾಲದ ಚಿಂತನೆಗೆಂದು ಕೊಟ್ಟಿದ್ದ ಪ್ರಶ್ನೆ: ಯೇಸುವಿನ ಮರಣಕ್ಕೆ ಹೊಣೆ ಯಾರು?

ನಿರಂಜನ್, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ ಪಿಲಾತನ ಪರ ವಹಿಸಿದರು. ಅವನು ಕಡತವನ್ನು ಅರಸ ಹೆರೋದನಿಗೆ ಕಳಿಸಿದ್ದ, ಅದು ಷರಾ ಇಲ್ಲದೆ ವಾಪಸು ಬಂದಿತ್ತು. ಅಹವಾಲು ಕೇಳಿದ್ದ, ಜನರ ಅಭಿಪ್ರಾಯವನ್ನೂ ಪಡೆದಿದ್ದ. ನಿಯಮದ ಪ್ರಕಾರ ಅವನಲ್ಲಿ ಲೋಪ ಕಾಣುವುದಿಲ್ಲ ಎಂದರು. ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಗೋಪಾಲಪ್ಪ, ಮೊಳೆ ಹೊಡೆದ ಸಿಪಾಯಿಗಳು ಡ್ಯೂಟಿ ಮೇಲಿದ್ದವರು, ಅವರನ್ನು ಎಳೆದು ತರುವುದು ಅನ್ಯಾಯ ಎಂದರು. ಆಮೇಲೆ ನಿವೃತ್ತ ಮುಖ್ಯೋಪಾಧ್ಯಾಯಿನಿ ಸಾವಿತ್ರಿಬಾಯಿ ಎದ್ದು, ಯೆಹೂದ್ಯರೂ ಅಲ್ಲ, ರೋಮನರೂ ಅಲ್ಲ, ನಮ್ಮ ನಮ್ಮ ಪಾಪವೇ ಯೇಸುವನ್ನು ಕೊಂದದ್ದು ಎಂದು ಹೇಳಿ ಅತ್ತುಬಿಟ್ಟರು. ಧರ್ಮಸಭೆಯ ಬೋಧನೆಯೂ ಇದೇ ಎಂದು ಫಾದರ್ ತಲೆದೂಗಿದರು. ಎಲ್ಲರೂ ಎದೆ ಬಡಿದುಕೊಂಡು ಹೊಣೆ ಹೊತ್ತರು. ಎರಡು ಸಾವಿರ ವರ್ಷದ ಹಿಂದಿನ ಕೊಲೆ, ಯಾರೂ ಜಾಮೀನು ಕೊಡಬೇಕಾಗಿರಲಿಲ್ಲ; ಪಾಲುದಾರರೂ ಕೋಟಿಗಟ್ಟಲೆ. ತಲಾ ಬಂದದ್ದನ್ನು ಹೊರುವುದು ಯಾರಿಗೂ ಭಾರವಾಗಲಿಲ್ಲ.

ಎರಡನೆಯ ವಿಷಯ ಗೆದ್ದಲು. ಇದು ಹತ್ತಿರದ್ದಾದ್ದರಿಂದ ಎದೆಗಳು ಸುಮ್ಮನಾದವು. ಚೌಡೇಶನನ್ನು ಒಳಗೆ ಕರೆಸಿದರು.

“ಕಾಯೋನು ಅಂದ್ಮೇಲೆ ಕಾಯ್ಬೇಕಪ್ಪ,” ಎಂದರು ಗೋಪಾಲಪ್ಪ. “ಗೆದ್ಲು ಏನು ನಿನ್ ಕೇಳಿ ಬರುತ್ತಾ?”

ಚೌಡೇಶ್ ಅವರ ಕಡೆ ನೋಡಲಿಲ್ಲ. ನಿರಂಜನ್ ಕಡೆ ತಿರುಗಿದ.

“ನೀವೇ ಹೇಳ್ರೀ ಸಾರ್. ಮಳಿ ಹಿಡಿಯೋಕ್ ಮುಂಚೆ ಎರಡ್ ಸಲ ನಿಮ್ಮನಿಗೆ ಬಂದಿದ್ದೆ, ಉಗ್ರಾಣದ ಕೀಲಿ ಕೊಡ್ರಿ ಅಂತ. ನಾಳೆ ನೋಡಾಣ ಅಂದ್ರಿ.”

ನಿರಂಜನ್‌ಗೆ ಎರಡೂ ಸಲ ನೆನಪಿತ್ತು. ಮೊದಲ ಸಲ ಮಲಗಿದ್ದರು. ಎರಡನೆಯ ಸಲ ತಟ್ಟೆಯಲ್ಲಿ ಬಂಗಡೆ ಸಾರಿತ್ತು, ಕೈ ತೊಳೆದು ಏಳಲು ಮನಸ್ಸಾಗಿರಲಿಲ್ಲ. ಹೌದು ಎಂದರೆ ಚೌಡೇಶನ ಕೋಣೆ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಆದರೆ ಮೂವತ್ತೊಂದು ವರ್ಷ ಬಾರದ ನೋಟಿಸು ಚರ್ಚಿನಲ್ಲಿ ಬರುವುದು ಅವರಿಗೆ ಸರಿಕಾಣಲಿಲ್ಲ.

“ಬಂದಿರ್ಬೋದು, ನಾನೇನು ಇಲ್ಲ ಅನ್ನಲ್ಲ,” ಎಂದರು. “ಆದ್ರೆ ಬರವಣಿಗೇಲಿ ಏನೂ ಕೊಟ್ಟಿಲ್ಲವಲ್ಲ ಮಾರಾಯ.”

“ಕೀಲಿ ಕೇಳಾಕೆ ಅರ್ಜಿ ಬರೀಬೇಕಿತ್ತಾ ಸಾರ್?”

“ನಿಂದೇ ತಪ್ಪು ಅಂತ ನಾನು ಹೇಳ್ತಿಲ್ಲ. ನನಗಂತೂ ನಿನ್ನಲ್ಲಿ ತಪ್ಪು ಕಾಣ್ಸಲ್ಲ. ಸಭೆ ಏನ್ ಹೇಳುತ್ತೋ ಹೇಳ್ಲಿ.”

ಚೌಡೇಶನನ್ನು ಕೆಲಸದಿಂದ ತೆಗೆಯುವ ಮಾತೆದ್ದಾಗ, ಹುಡುಗಿಯ ಪರೀಕ್ಷೆ ಮುಗಿಯುವ ತನಕವಾದರೂ ಇರಲಿ ಎಂದು ಸಾವಿತ್ರಿಬಾಯಿ ಮೆಲ್ಲಗೆ ಹೇಳಿ ನೋಡಿದರು. ಗೋಪಾಲಪ್ಪ ತಮ್ಮ ಪರಿಚಯದ ಒಬ್ಬನಿಗೆ ಚರ್ಚು ಕಾಯಲು ಗುರುವಾರವೇ ಬಾ ಎಂದು ಹೇಳಿಯಾಗಿತ್ತಂತೆ; ಅವನಿಗೂ ಕೋಣೆ ಬೇಕಲ್ಲ. ಸಭೆಗೆ ಒಮ್ಮತವಿದ್ದರೆ ತಮ್ಮದೇನೂ ಅಡ್ಡಿಯಿಲ್ಲ ಎಂದ ಫಾದರ್ ಗಡಿಯಾರ ನೋಡಿಕೊಂಡರು. ಶಿಕಾರಿಪುರದಲ್ಲಿ ಅವರಿಗೆ ಇನ್ನೊಂದು ಪೂಜೆಯಿತ್ತು.

ಕೈಗಳು ಮೇಲೆದ್ದವು. ಬೆಳಗಿನ ಮೆರವಣಿಗೆಯ ಗರಿಗಳು ಇನ್ನೂ ಕೆಲವರ ಕೈಯಲ್ಲೇ ಇದ್ದವು, ಅವೂ ಎದ್ದವು. ಸಾವಿತ್ರಿಬಾಯಿಯವರ ಕೈ ಹೆಗಲ ತನಕ ಬಂದು ನಿಂತಿತು. ಅದನ್ನು ಪೂರ್ತಿ ಎಂದೇ ಎಣಿಸಲಾಯಿತು. ನಿರಂಜನ್ ಕೈ ಎತ್ತಲಿಲ್ಲ. ಅವರು ಠರಾವು ಬರೆಯುತ್ತಿದ್ದರು. ಯಾರ ವಿರುದ್ಧವೂ ತಾವು ಕೈ ಎತ್ತಲಿಲ್ಲ ಎಂಬ ಸಮಾಧಾನ ಮನೆಗೆ ಹೋಗಿ ಊಟ ಮಾಡುವವರೆಗೂ ಅವರ ಜೊತೆಗಿತ್ತು, ಊಟದ ನಂತರವೂ ಇತ್ತು.

ಚೌಡೇಶ್ ಬುಧವಾರ ಕೋಣೆ ಖಾಲಿ ಮಾಡಿ ಉಳವಿಗೆ ಹೋದ. ಅರ್ಚಿತಾ ಉಳಿದ ಪರೀಕ್ಷೆಗಳಿಗೆ ಅಲ್ಲಿಂದ ಬಸ್ಸಿನಲ್ಲಿ ಓಡಾಡಿದಳು. ಒಂದು ದಿನ ಬಸ್ಸು ತಡವಾಗಿ, ಗಣಿತದ ಪರೀಕ್ಷೆ ತಪ್ಪಿತು.