ಮೂರನೇ ಕೋಣೆಯ ಬೆಡ್‌ಶೀಟು

ನಾನೊಂದು ಬೆಡ್‌ಶೀಟು. ಹುಟ್ಟಿದ್ದು ಯಾವುದೋ ಊರಿನ ಮಗ್ಗದಲ್ಲಾದರೂ ಲೋಕ ಕಂಡದ್ದು ಕುಂದಾಪುರದ ಬಟ್ಟೆ ಅಂಗಡಿಯಲ್ಲಿ. ಮುಕಾಂಬಕ್ಕ ನನ್ನನ್ನು ಬಿಚ್ಚಿಸಿ, ನುಣುಪು ನೋಡಲೆಂದು ಕೆನ್ನೆಗೆ ಒತ್ತಿಕೊಂಡಳು. ಅಷ್ಟಕ್ಕೇ ನಾನು ಮರುಳಾದೆ. ಇನ್ನು ಇವಳು ಮಲಗುವುದು ನನ್ನ ಮೇಲೆಯೇ ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಅವಳದು ಸಮುದ್ರದ ದಡದಲ್ಲಿ ಮೂರು ಕೋಣೆಗಳ ಗೆಸ್ಟ್‌ಹೌಸು. ಗಂಡ ಸೂರಣ್ಣ ದೋಣಿಯ ಕೆಲಸ ಬಿಟ್ಟ ಮೇಲೆ ಇಬ್ಬರೂ ಸೇರಿ ಶುರುಮಾಡಿದ್ದು. ಮನೆಗೆ ಬಂದದ್ದೇ ನನ್ನ ಮೂಲೆಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದಳು. ಮೂರನೇ ಕೋಣೆಗೆ ಸೇರಿದ್ದು ಎಂದು ಅದರ ಅರ್ಥ.

ಆ ಕೋಣೆಯಲ್ಲಿ ಯಾರೆಲ್ಲ ನನ್ನ ಮೇಲೆ ಹೊರಳಲಿಲ್ಲ! ಮರಳು ಮೆತ್ತಿದ ಕಾಲು, ಎಣ್ಣೆ ಸುರಿಯುವ ತಲೆ, ಚಹಾ ಚೆಲ್ಲುವ ಮಾವಂದಿರು. ಅವರು ಹೋದೊಡನೆ ಮುಕಾಂಬಕ್ಕ ನನ್ನನ್ನು ಕೊಡವಿ, ಒಗೆದು, ಹಿತ್ತಲ ತಂತಿಗೆ ಹಾಕುವಳು. ಅಲ್ಲಿಂದ ಅವಳ ಕೋಣೆಯ ಕಿಟಕಿ ನೇರ ಕಾಣುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಅವಳು ಬರೀ ಚಾಪೆಯ ಮೇಲೆ ಅಡ್ಡಾಗುವಳು. ಎದೆಗೆ ಅವಚಿಕೊಳ್ಳುತ್ತಿದ್ದದ್ದು ಒಂದು ಕೌದಿಯನ್ನು. ಬಣ್ಣಗೆಟ್ಟ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಮುದಿ ಕೌದಿ. ಬೆಳ್ಳಗೆ ಗರಿಗರಿಯಾಗಿ ನಾನಿರುವಾಗ ಅದಕ್ಕೆ ಆ ಎದೆ! ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ದಸರಾ ರಜೆಯಲ್ಲಿ ನಾವಿಬ್ಬರೂ ಒಂದೇ ತಂತಿಯ ಮೇಲಿದ್ದೆವು. ಕೆಳಗೆ ಸಿಗಡಿ ಒಣಗಲು ಹರವಿತ್ತು. ಹೇಳದೆ ಕೇಳದೆ ಮಳೆ ಬಂತು.

“ಹ್ವಾಯ್, ಮಳೆ ಬಂತ್ ಕಾಣಿ!” ಎಂದು ಗಂಡನನ್ನು ಕೂಗುತ್ತ ಮುಕಾಂಬಕ್ಕ ಓಡಿ ಬಂದಳು. ಕೌದಿಯನ್ನು ಎಳೆದು ಕಂಕುಳಿಗೆ ಸೇರಿಸಿದಳು. ನನ್ನನ್ನು ಎಳೆದು ಸಿಗಡಿಯ ಮೇಲೆ ಮುಚ್ಚಿದಳು! ಆ ಅವಮಾನವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲೆ ಮೂರು ಸಲ ಒಗೆದಳು. ತನ್ನ ಮೂಗಿಗೆ ಹಿಡಿದು ನೋಡಿ ಗಂಡನ ಮೂಗಿಗೂ ಹಿಡಿದಳು. “ವಾಸ್ನಿ ಬತ್ತಾ ಕಾಣಿ.”

“ಇಲ್ಲೆ. ಸಾಬೂನಿಂದ್ ಅಷ್ಟೇ,” ಎಂದ ಸೂರಣ್ಣ.

ಹುಟ್ಟಿದಾಗಿನಿಂದ ಮೀನಿನ ನಡುವೆಯೇ ಬೆಳೆದ ಮೂಗುಗಳು, ಪಾಪ, ಅವಕ್ಕೇನು ಗೊತ್ತಾಗಬೇಕು? ಧೈರ್ಯವಾಗಿ ನನ್ನನ್ನು ಮೂರನೇ ಕೋಣೆಯಲ್ಲಿ ಹಾಸಿದಳು. ಅವತ್ತು ಬಂದವರು ದಾವಣಗೆರೆಯ ಕಡೆಯ ಶುದ್ಧ ಸಸ್ಯಾಹಾರಿಗಳು. ಅವರ ಪೈಕಿಯ ಹೆಂಗಸು ನನ್ನ ಮೇಲೆ ಕೂತವಳೇ ಚಂಗನೆ ಎದ್ದಳು.

“ಅಕ್ಕಾರೆ, ಹಾಸಿಗಿ ಮ್ಯಾಲೆ ಮೀನು ಇಟ್ಟಿದ್ರೇನ್ರಿ?”

ಮುಕಾಂಬಕ್ಕ ಬೇರೆ ಹಾಸುತ್ತೇನೆಂದರೂ ಕೇಳದೆ ಅವರು ಗಂಟುಮೂಟೆ ಕಟ್ಟಿದರು. ಅವಳ ಮುಖ ಸಣ್ಣಗಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಅತಿಥಿಗಳಿಗೆ ಬೇಡವಾದ ನನ್ನನ್ನು ಅವಳು ತನ್ನ ಚಾಪೆಯ ಮೇಲೆ ಹಾಸಿಕೊಂಡಳಲ್ಲ!

ಮಧ್ಯಾಹ್ನ ಬಂದು ಮಲಗಿದಳು. ದಣಿದ ಬೆನ್ನು ನನ್ನ ಮೇಲಿತ್ತು. ಆಮೇಲೆ ಕೈಚಾಚಿ ಕೌದಿಯನ್ನು ಎದೆಗೆಳೆದುಕೊಂಡಳು. ಸೂರಣ್ಣ ಬಾಗಿಲಲ್ಲಿ ನಿಂತು, ಆ ಹಳೇ ಕೌದಿಯನ್ನು ತೋರಿಸಿ, “ಹೊಸತೊಂದ್ ತಕಣುಕಾಗ್ದಾ?” ಎಂದ.

“ಅಬ್ಬಿ ಸೀರಿ ಇದ್,” ಎಂದಳು. ಅಬ್ಬಿ ಎಂದರೆ ಅವಳ ತಾಯಿ. “ಇದ್ ಬಿಟ್ರೆ ಅವಳದ್ದ್ ಎಂತದೂ ಇಲ್ಲೆ ನನ್ ಹತ್ರ.”

ಕೇಳಿ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಸತ್ತ ತಾಯಿಯೊಡನೆ ಪೈಪೋಟಿಗಿಳಿದರೆ ಗೆಲ್ಲುವುದುಂಟೇ ಎಂದು ಇನ್ನಷ್ಟು ಕುದಿದೆ.

ಆರು ವರ್ಷ ಹಾಗೇ ಕಳೆದವು. ನಾನು ನಟ್ಟನಡುವೆ ಸವೆದು ಹರಿದೆ. ಅಷ್ಟರಲ್ಲಿ ಕೌದಿಯ ಅಂಚೂ ಅವಳ ಗಲ್ಲ ತಾಗಿ ತಾಗಿ ತೂತುಬಿದ್ದಿತ್ತು. ಒಂದು ದಿನ ಕತ್ತರಿ ತಂದು, ನನ್ನ ಗಟ್ಟಿಯಿದ್ದ ಕಡೆಯಿಂದ ಅಂಗೈಯಗಲ ಕತ್ತರಿಸಿ, ಆ ತೂತಿಗೆ ತೇಪೆ ಹಾಕಿದಳು. ಉಳಿದ ನನ್ನನ್ನು ಮಡಚಿ, ಅತಿಥಿಗಳು ಕಾಲಿನ ಮರಳು ಒರೆಸಲೆಂದು ಮೆಟ್ಟಿಲ ಮೇಲೆ ಹಾಕಿದಳು.

ಈಗ ನಾನು ಮೆಟ್ಟಿಲ ಮೇಲಿನ ಕಾಲೊರಸು. ಕೌದಿಯ ಮೇಲೆ ಮೊದಲಿನ ಸಿಟ್ಟಿಲ್ಲ. ದಿನಾ ಮಧ್ಯಾಹ್ನ ಅವಳ ಗಲ್ಲದಡಿ ಬೆಚ್ಚಗೆ ಮಲಗುವ ಆ ಅಂಗೈಯಗಲದ ತುಂಡನ್ನು ನೆನೆದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.