ಸರ್ಕಲ್ಲಿನಲ್ಲಿ ಹೊಳೆಪ್ಪನ ಫ್ಲೆಕ್ಸು

ಸಿಟ್ಟು ಯಾರಿಗೆ ಬಂದಿರಲಿಲ್ಲ ಹೇಳಿ! ಎಂಟು ದೇಶಗಳ ಹಾಕಿ ಟೂರ್ನಿಯ ಫೈನಲ್, ಭಾರತ–ಕೊರಿಯಾ ಸಮಸಮ, ಶೂಟೌಟಿನಲ್ಲಿ ನಾವು ಒಂದು ಗೋಲು ಹಿಂದೆ, ಕಡೇ ಅವಕಾಶ ನಮ್ಮ ಕೊಣ್ಣೂರಿನ ಹೊಳೆಪ್ಪನ ಪಾಲಿಗೆ. ಗೋಲ್‌ಕೀಪರನನ್ನೂ ದಾಟಿದ ಪುಣ್ಯಾತ್ಮ, ಖಾಲಿ ಗೋಲು ಎದುರಿಗಿದ್ದರೂ ಚೆಂಡನ್ನು ಹೊರಗೆ ಹೊಡೆದ. ಭಾರತ ಸೋತಿತು. ಗೋಕಾಕದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಶ್ರೇಯಸ, ಕೈಲಿದ್ದ ರಿಮೋಟನ್ನು ಗೋಡೆಗೆ ಎಸೆದ.

ಮರುದಿನ ಬೆಳಿಗ್ಗೆ ಗೆಳೆಯರು ಬಂದು, "ಅವಂದೊಂದು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಲೇ, ಮಜಾ ಬರತೈತಿ" ಅಂದರು. ನಮ್ಮ ಕಡೆ ಹುಟ್ಟಿದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಸತ್ತವರ ಮಾದರಿ ಶ್ರೇಯಸನ ಕಂಪ್ಯೂಟರಿನಲ್ಲಿ ಸದಾ ತಯಾರು. ಫೋಟೋ ಬದಲಿಸಿದರೆ ಮುಗಿಯಿತು. ಹೊಳೆಪ್ಪನ ಫೋಟೋನೂ ಇತ್ತು. ಟೂರ್ನಿಗೆ ಮುಂಚೆ ಶುಭಾಶಯದ ಫ್ಲೆಕ್ಸಿಗೆಂದು ಅವನ ಅಜ್ಜಿ ಮುದಕವ್ವ ಸೆರಗಿನಲ್ಲಿ ಸುತ್ತಿ ತಂದುಕೊಟ್ಟದ್ದು. ಅದು ಶ್ರೇಯಸನಿಗೆ ನೆನಪಾಗಲಿಲ್ಲವೆಂದಲ್ಲ, ಆಯಿತು. ಆದರೂ ಮಾಡಿದ. 'ಭಾವಪೂರ್ಣ ಶ್ರದ್ಧಾಂಜಲಿ. ದೇಶದ ಮಾನ ಕಳೆದು ನಮ್ಮನ್ನಗಲಿದ ಹೊಳೆಪ್ಪ.' ಸುತ್ತಲೂ ಹೂವು, ಕೆಳಗೆ ರೂಢಿಯಂತೆ ಅಂಗಡಿಯ ಹೆಸರು. ಸರ್ಕಲ್ಲಿನಲ್ಲಿ ಕಟ್ಟಿದ ಮೇಲೆ ಜನ ನಿಂತು ನಿಂತು ನಕ್ಕರು. ಶ್ರೇಯಸನೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಧ್ಯಾಹ್ನ ಸಂತೆಗೆ ಬಂದ ಮುದಕವ್ವ ಅಂಗಡಿಯ ಮೆಟ್ಟಿಲು ಹತ್ತಿದಳು. ಶ್ರೇಯಸ ಕುರ್ಚಿಯಿಂದ ಎದ್ದ.

"ನಿನ್ನ ಹೊಟ್ಟಿ ತಣ್ಣಗಿರಲೋ ಯಪ್ಪಾ!" ಮುದುಕಿ ಅವನ ಕೆನ್ನೆ ಸವರಿ ಲಟಿಕೆ ಮುರಿದಳು. "ನಿನ್ನೆಯಿಂದ ಊರಾಗ ಒಬ್ರೂ ನಮ್ಮನ್ನ ಮಾತಾಡಿಸಿಲ್ಲ. ನೀ ಒಬ್ಬಾಂವ, ಸೋತ ಹುಡುಗನ್ನ ಹೂವಿನಾಗ ಕುಂದರಿಸಿ ಮೆರಸೀದಿ. ಏನ ಬರದೀ ಅದರಾಗ? ನನಗ ಅಕ್ಷರ ಬರೂದಿಲ್ಲ."

ಶ್ರೇಯಸ ಕಂಪ್ಯೂಟರಿನ ಕಡೆ ತಿರುಗಿದ. "ಅದು... ನಮ್ಮೂರ ಹುಲಿ ಅಂತ ಬರದೇನ್ರಿ ಆಯಿ."

"ನಮ್ಮೂರ ಹುಲಿ," ಎಂದು ಎರಡು ಸಲ ಬಾಯಿಪಾಠ ಮಾಡಿಕೊಂಡಳು. ಜಿಲೇಬಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ನಾಳೆ ಬರ್ತಾನ. ಊರಾಗ ಹೆಂಗ ಮಾರಿ ತೋರಿಸಲೆವ್ವಾ ಅಂತ ಫೋನಿನಾಗ ಅಳ್ತಿದ್ದ. ಮೊದಲ ಸರ್ಕಲ್ಲಿಗೇ ಕರಕೊಂಡ ಬರ್ತೇನಿ ಬಿಡು."

ಅವಳು ಹೋದದ್ದೇ ತಡ, ಶ್ರೇಯಸ ಏಣಿ ಹೊತ್ತು ಓಡಿದ. ಎರಡು ಹಗ್ಗ ಬಿಚ್ಚಿದ್ದ, ಅಷ್ಟರಲ್ಲಿ ಕೆಳಗಿನಿಂದ ಅದೇ ದನಿ.

"ಯಾಕೋ ಯಪ್ಪಾ ಬಿಚ್ಚಾಕತ್ತೀ? ಅಂವ ನೋಡಲಿ!"

ಬಸ್ಸಿಗೆ ಹೊರಟವಳು ಮೊಮ್ಮಗನನ್ನು ಇನ್ನೊಮ್ಮೆ ನೋಡಲು ನಿಂತಿದ್ದಳು. ಗಾಳಿಗೆ ಹರಿಯುತ್ತದೆ, ಭದ್ರ ಕಟ್ಟುತ್ತೇನೆ ಎಂಬ ಸುಳ್ಳು ಬಾಯಿಯವರೆಗೆ ಬಂದಿತ್ತು. ಎಷ್ಟಂತ ಹೇಳುವುದು, ಥೂ! ಅವನು ಇಳಿದು ಬಂದ.

"ಹುಲಿ ಅಂತ ಬರದಿಲ್ಲರೀ ಆಯಿ. ಇದು ಸತ್ತವರಿಗೆ ಹಾಕೂದು. ನೀವು ಕೊಟ್ಟ ಫೋಟೋನ ಹಾಕಿ, ನಾನ ಮಾಡೇನಿ."

ಪಾನ್ ಅಂಗಡಿಯ ಮುಂದಿನ ನಗು ನಿಂತಿತು. ಮುದಕವ್ವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಫ್ಲೆಕ್ಸನ್ನು ಅವನ ಕೈಯಿಂದಲೇ ಬಿಚ್ಚಿಸಿ, ಮಡಚಿಸಿ, ಕಂಕುಳಲ್ಲಿ ಇಟ್ಟುಕೊಂಡಳು.

"ಈಗರ ದಾರ್ಯಾಗ ಅಂವಗ ಫೋನ್ ಹಚ್ಚಿದ್ನಿ," ಅಂದಳು. "ನಮ್ಮೂರ ಹುಲಿ ಅಂತ ಬರದಾರಪಾ ಅಂದ್ನಿ. ನಕ್ಕ. ಸೋತ ಮ್ಯಾಲ ಒಂದನೇ ಸಲ ನಕ್ಕ. ನಾಳೆ ಅಂವಗ ಏನ ತೋರಸ್ಲಿ, ನೀನ ಹೇಳು."

ಶ್ರೇಯಸ ಏಣಿ ಹಿಡಿದು ನಿಂತಿದ್ದ. ಬಸ್ಸು ಬಂದು ಅವಳು ಹತ್ತಿ ಹೋದರೂ ತಲೆ ಎತ್ತಲಾಗಲಿಲ್ಲ.