ಕಂಬಿ ಬಾಗಿಲಿನ ಹೊರಗೆ ಅಪ್ಪ

ಕಂಬಿ ಬಾಗಿಲು ಕೂರಿಸಿದ ಭಾನುವಾರ ಬೆಳಿಗ್ಗೆಯಿಂದ ಅಪ್ಪ ಮನೆಯೊಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ಕೂರುವುದು, ಏಳುವುದು, ಕಟಕಟೆ ಹಿಡಿದು ಕೆಳಗೆ ನೋಡುವುದು, ಮತ್ತೆ ಕೂರುವುದು. ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡರು. ಮಗಳು ಹೊರಗೆ ಹಾಕಿದಳೇನು ಎಂದು ಪಕ್ಕದ ಮನೆಯ ಕಸ್ತೂರಿಬಾಯಿ ಚೇಷ್ಟೆ ಮಾಡಿದರೂ ನಗಲಿಲ್ಲ.

ಸಯನ್‌ನಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಹೋದ ತಿಂಗಳು ಕಳವಾಗಿತ್ತು. ನಾನು ಬಾಂದ್ರಾದ ಆಫೀಸಿಗೆ, ನನ್ನ ಮಗಳು ನಿಖಿತಾ ಕಾಲೇಜಿಗೆ ಹೊರಟರೆ ಮನೆಯಲ್ಲಿ ಅಪ್ಪ ಒಬ್ಬರೇ. ವಯಸ್ಸು ಎಪ್ಪತ್ತೈದು ದಾಟಿದೆ. ಅವರಿಗೆ ಬಾಗಿಲು ಹಗಲೆಲ್ಲ ತೆರೆದೇ ಇರಬೇಕು. ಅದಕ್ಕೇ ಈ ಏರ್ಪಾಡು: ಕಂಬಿಯಿಂದ ಗಾಳಿ ಬರಲಿ, ಹೊರಗಿನಿಂದ ಬೀಗ, ಕೀಲಿ ನನ್ನ ಬಳಿ.

ಸೈನ್ಯದಲ್ಲಿದ್ದ ಅಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಸಿಕ್ಕಿಬಿದ್ದು ಸುಮಾರು ಒಂದು ವರ್ಷ ಪಾಕಿಸ್ತಾನದ ಸೆರೆಯಲ್ಲಿದ್ದವರು. ಅದರ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: ಅಲ್ಲಿನ ಚಹಾಕ್ಕೆ ಸಕ್ಕರೆ ಜಾಸ್ತಿ. ಬೆಳಗಾವಿಯ ನೆಂಟರು ಕೇಳಿದರೂ ಅದೇ, ಸೊಸೈಟಿಯವರು ಗಣರಾಜ್ಯೋತ್ಸವಕ್ಕೆ ಮೈಕು ಕೊಟ್ಟರೂ ಅದೇ.

ಸಂಜೆಯಾಯಿತು. ನಾಳೆ ನಾನು ಕೆಲಸಕ್ಕೆ ಹೋಗುವುದು ಬೇಡವೇ ಎಂದು ರೇಗಿದೆ. ನಿಖಿತಾ ಬಾಗಿಲಿಗೆ ಬಂದು, "ಅಜ್ಜಾ, ಅಂದರ್ ಬಾ ನಾ. ಲಾಕ್ ಮಾಡಲ್ಲ, ಪಕ್ಕಾ" ಎಂದಳು.

ಅಪ್ಪ ನನ್ನತ್ತ ಕೈಚಾಚಿದರು. "ಕೀಲಿ ಕೊಡು. ನೀ ಒಳಗ ಹೋಗಿ ನಿಂದ್ರು."

ಹೋಗಿ ನಿಂತೆ. ಅಪ್ಪ ಬಾಗಿಲು ಎಳೆದು ಬೀಗ ಹಾಕಿದರು. ನಾನು ಸುಮ್ಮನೆ ಕಂಬಿ ಹಿಡಿದೆ, ಹಿಡಿಯಲು ಬೇರೇನಿತ್ತು? ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕೀಲಿ ತೂರಿಸಲು ಹೋದರು. ಅದು ತೂತಿಗೆ ಕೂರದು.

"ಅಪ್ಪಾ, ಸಾವಕಾಶ."

ಬೀಗ ತೆಗೆದವರೇ ಮೆಟ್ಟಿಲ ಮೇಲೆ ಕೂತರು.

"ಅಲ್ಲಿ ಜೇಲಿನ್ಯಾಗ ದಾನಪ್ಪ ಅಂತಿದ್ದ, ವಿಜಾಪುರದಾಂವ. ಎದುರಿನ ಖೋಲ್ಯಾಗ. ಹಿಂಗ ಕಂಬಿ ಹಿಡದು ನನ್ನ ಜೋಡಿ ಮಾತಾಡಾಂವ. ಜ್ವರಾ ಬಂತು. ಒದರಿದ್ನಿ. ಕೀಲಿ ಇದ್ದಾಂವ ಬರೂದು ತಡಾ ಆತು."

ನಿಖಿತಾಳಿಗೆ ಎಷ್ಟು ಅರ್ಥವಾಯಿತೋ, ಹೋಗಿ ಅವರ ಪಕ್ಕ ಕೂತಳು. ಆಮೇಲೆ ಇಬ್ಬರೂ ಒಳಗೆ ಬಂದರು. ಕೀಲಿ ಅಪ್ಪನ ಮುಷ್ಟಿಯಲ್ಲೇ ಇತ್ತು. ನಾನು ವಾಪಸು ಕೇಳಲಿಲ್ಲ.

ಸೋಮವಾರ ಹೊರಟಾಗ ಕಂಬಿ ಬಾಗಿಲು ಗೋಡೆಗೆ ತಾಗಿಕೊಂಡು ಪೂರ್ತಿ ತೆರೆದಿತ್ತು, ಅಪ್ಪನ ಅಂಗಿಯ ಮೇಲೆ ದಾರದಲ್ಲಿ ಕೀಲಿ. ಬಸ್ಸಿನಲ್ಲಿ ಸೀಟು ಸಿಕ್ಕರೂ ಸಮಾಧಾನವಿಲ್ಲ. ಫೋನು ಮಾಡಿದೆ. ಆಫೀಸು ಮುಟ್ಟಿ ಮತ್ತೆ ಮಾಡಿದೆ.

"ಬಾಗಲಾ ತಗದೈತಿ," ಎಂದರು ಅಪ್ಪ. "ನೀ ಕೆಲಸಾ ಮಾಡು."